ಹುಳು ಮನೆ ಮುಂದಿನ ಅಂಬರ ಕೀಚುಗ

ನಾನು ಒಳ್ಳೆಯ ಫೋಟೋಗ್ರಾಫರ್ ಎಂಬ ನಂಬಿಕೆ ನನಗೆ ಇಪ್ಪತ್ತು ವರ್ಷ ಇತ್ತು. ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ. ಗೌರಿಬಿದನೂರಿನಿಂದ ಚಿಂತಾಮಣಿಯವರೆಗೆ ಮದುವೆಗಳಿಗೆ ನನ್ನನ್ನೇ ಕರೆಯುತ್ತಿದ್ದರು. ತಾಳಿ ಕಟ್ಟುವ ಗಳಿಗೆಯಲ್ಲಿ, ಅಕ್ಷತೆ ಇನ್ನೂ ಗಾಳಿಯಲ್ಲಿರುವಾಗ, ಯಾರೋ ಸೋದರತ್ತೆಯ ಕೈ ಅಡ್ಡ ಬರುವ ಮುಂಚೆ, ಒಂದೇ ಒಂದು ಸಲ ಗುಂಡಿ ಒತ್ತುತ್ತಿದ್ದೆ. ಸಿಕ್ಕಿತೆಂದರೆ ಸಿಕ್ಕಿತು. ನನಗೆ ಕೆಲಸ ಕಲಿಸಿದ ಗುರುಗಳು ಹಾಗೇ ಕಲಿಸಿದ್ದರು. ರೀಲಿನಲ್ಲಿ ಇರುವುದು ಮೂವತ್ತಾರು, ಒಂದೇ ದೃಶ್ಯಕ್ಕೆ ಎರಡು ಸಲ ಒತ್ತುವವನು ಫೋಟೋಗ್ರಾಫರ್ ಅಲ್ಲ, ದುಂದುಗಾರ ಎಂದು ತಲೆಯ ಮೇಲೆ ಮೊಟಕುತ್ತಿದ್ದರು. ಆ ಮೊಟಕು ನನ್ನ ಬೆರಳಿಗೆ ಇಳಿದುಬಿಟ್ಟಿತ್ತು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾದ ಮೇಲೆ ನಾನೂ ಡಿಜಿಟಲ್ ಕ್ಯಾಮೆರಾ ಕೊಂಡೆ. ಅದಾಗಿ ಎರಡು ವರ್ಷಕ್ಕೆ ಹಕ್ಕಿಯ ಹುಚ್ಚು ಹಿಡಿಯಿತು. ಒಂದು ಸಂಜೆ ಕೆರೆ ಏರಿಯ ಮೇಲೆ ಹೊಸ ಜೋಡಿಯೊಂದು ಫೋಟೋ ತೆಗೆಸಿಕೊಳ್ಳಲು ಬರಬೇಕಿತ್ತು. ಅವರು ತಡ ಮಾಡಿದರು. ನೀರಿನ ಮೇಲೆ ಗುಬ್ಬಿಯಷ್ಟೇ ಇರುವ, ಕವಲು ಬಾಲದ ಹಕ್ಕಿಗಳು ಸುಯ್ಯೆಂದು ಬಂದು ತಿರುಗಿ ಹೋಗುತ್ತಿದ್ದವು. ಸುಮ್ಮನೆ ಕೂರುವುದೇಕೆಂದು ಕ್ಯಾಮೆರಾ ಎತ್ತಿದೆ. ಬಂದದ್ದು ಬರೀ ನೀರು. ಮತ್ತೆ ಎತ್ತಿದೆ. ಬರೀ ಆಕಾಶ. ಆ ಜೋಡಿ ಬಂದಾಗ ನಾನು ಎಷ್ಟು ಸಿಟ್ಟಿನಲ್ಲಿದ್ದೆನೆಂದರೆ, ಮದುಮಗ ನಗಲಿಲ್ಲವೆಂದು ಅವನನ್ನೇ ಗದರಿಬಿಟ್ಟೆ.

ಪುಸ್ತಕ ತಂದು ನೋಡಿದೆ. ಅಂಬರ ಕೀಚುಗ ಎಂದು ಹೆಸರು. ಹಾರುತ್ತಲೇ ಹುಳ ಹಿಡಿದು, ಹಾರುತ್ತಲೇ ತಿನ್ನುವ ಜಾತಿ. ಎರಡು ತಿಂಗಳು ಪ್ರತಿ ಭಾನುವಾರ ಏರಿಯ ಮೇಲೆ ನಿಂತೆ. ನನ್ನ ಹತ್ತಿರ ಬಾಲದ ತುದಿಗಳ ದೊಡ್ಡ ಸಂಗ್ರಹವೇ ಆಯಿತು. ಲೆನ್ಸ್ ಸರಿಯಿಲ್ಲ ಎಂದೆ, ಬೆಳಕು ಸರಿಯಿಲ್ಲ ಎಂದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಪಕ್ಕದ ಟೀ ಅಂಗಡಿಯವನು ನನ್ನ ಕಂಪ್ಯೂಟರಿನೊಳಗೆ ಇಣುಕಿ, "ಏನ್ಸಾರ್, ಮೋಡಕ್ಕೂ ಪಾಸ್‌ಪೋರ್ಟ್ ಸೈಜಾ?" ಎಂದು ಕೇಳಿಹೋದ.

ಇದೆಲ್ಲ ನನ್ನ ಒಣ ಜಂಭದ ಮಾತಾಯಿತು. ಹಕ್ಕಿ ಸಿಗದಿದ್ದರೆ ಯಾರ ಮನೆಯೂ ಮುಳುಗುತ್ತಿರಲಿಲ್ಲ. ಆದರೆ ಆ ವರ್ಷ ಮುಂಗಾರು ಶುರುವಾದ ಹೊತ್ತಿಗೆ ಒಂದು ಭಾನುವಾರ ಅಕ್ಕ ಫೋನ್ ಮಾಡಿದಳು.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಶಿಡ್ಲಘಟ್ಟದ ಕಡೆಯ ಹಳ್ಳಿಯೊಂದಕ್ಕೆ ಮದುವೆಯಾಗಿ ಹೋದವಳು ಅಲ್ಲೇ ರೇಷ್ಮೆ ಹುಳು ಸಾಕುತ್ತಿದ್ದಾಳೆ. ಭಾವ ಹಿಪ್ಪುನೇರಳೆ ತೋಟ ನೋಡಿಕೊಂಡರೆ, ಹುಳು ಮನೆ ಪೂರ್ತಿ ಅಕ್ಕನ ರಾಜ್ಯ. ಅದರ ಹೊಸ್ತಿಲಲ್ಲಿ ಬ್ಲೀಚಿಂಗ್ ನೀರಿನ ತಟ್ಟೆ ಇಟ್ಟಿರುತ್ತಾಳೆ. ಯಾರೇ ಆಗಲಿ ಅದರಲ್ಲಿ ಕಾಲದ್ದಿಯೇ ಒಳಗೆ ಹೋಗಬೇಕು. ಮುಖಕ್ಕೆ ಪೌಡರ್ ಹಾಕಿದವರಿಗೆ, ಬೀಡಿ ಸೇದಿದವರಿಗೆ, ಬೇರೆಯವರ ಹುಳು ಮನೆಗೆ ಹೋಗಿಬಂದವರಿಗೆ ಪ್ರವೇಶವಿಲ್ಲ. ಒಮ್ಮೆ ತಾಲೂಕಿನ ದೊಡ್ಡ ಅಧಿಕಾರಿಯೊಬ್ಬರನ್ನು ಸೆಂಟಿನ ವಾಸನೆ ಬರುತ್ತದೆಂದು ಬಾಗಿಲಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದ್ದಳು.

ಅಷ್ಟೆಲ್ಲ ಮಡಿ ಮಾಡಿದರೂ ಹಿಂದಿನ ಬೆಳೆಗೆ ಊಜಿ ನೊಣ ಬಿದ್ದಿತ್ತು. ಈ ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತದೆ. ಮೊಟ್ಟೆ ಒಡೆದು ಬಂದ ನೊಣದ ಮರಿ, ರೇಷ್ಮೆ ಹುಳುವನ್ನು ಒಳಗಿಂದ ತಿಂದು, ಕಟ್ಟಿದ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ತೆಗೆಯಲು ಬರುವುದಿಲ್ಲ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ ಅಕ್ಕನ ರಾಶಿಯೊಳಗೆ ಕೈ ಹಾಕಿದ ಖರೀದಿದಾರನೊಬ್ಬ, ತೂತು ಗೂಡುಗಳನ್ನು ಎತ್ತಿ ಎಲ್ಲರಿಗೂ ತೋರಿಸಿ, ನಕ್ಕು, ಮತ್ತೆ ರಾಶಿಗೆ ಎಸೆದುಹೋದನಂತೆ. ಅಕ್ಕ ಇದನ್ನು ನನಗೆ ಹೇಳಿದ್ದು ಒಂದೇ ಸಲ. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಫೋನಿನಲ್ಲಿ ಅವಳು ಹೇಳಿದ್ದು ಇಷ್ಟು. "ನಿನ್ನ ಹಕ್ಕಿ ನಮ್ಮ ಹುಳು ಮನೆ ಜಗುಲೀಲಿ ಮಣ್ಣಿನ್ ಗೂಡು ಮಾಡೈತೆ ಕಣೋ. ಬೇಕಾದ್ರೆ ಬಂದು ಫೋಟೋ ಹೊಡ್ಕೊಂಡ್ಹೋಗು. ಶನಿವಾರ ಚಾಕಿ ಬರತ್ತೆ. ಗುರುವಾರ ಸುಣ್ಣ ಹೊಡೆಸ್ತೀನಿ, ಅವತ್ತು ಗೂಡು ಕೆಡವ್ತೀನಿ."

ಚಾಕಿ ಎಂದರೆ ಎರಡು ಸಲ ಪೊರೆ ಬಿಟ್ಟ ಮರಿ ಹುಳುಗಳು. ಅವು ಬರುವ ಮುಂಚೆ ಹುಳು ಮನೆ ತೊಳೆದು ಸುಣ್ಣ ಬಳಿದು ಸಿದ್ಧವಾಗಿರಬೇಕು. ಮರುದಿನ ಸ್ಟುಡಿಯೊಗೆ ಬೀಗ ಹಾಕಿ ಸ್ಕೂಟರ್ ಹತ್ತಿದೆ. ಜಗುಲಿಯ ತಾರಸಿಯೂ ಗೋಡೆಯೂ ಸೇರುವ ಮೂಲೆಯಲ್ಲಿ, ಹೂಜಿಯೊಂದನ್ನು ಅಡ್ಡ ಮಲಗಿಸಿ ಅಂಟಿಸಿದ ಹಾಗೆ ಗೂಡು. ಕಾಳು ಕಾಳಾಗಿ ಮಣ್ಣು ತಂದು ಕಟ್ಟಿದ್ದು. ಒಳಗಿನಿಂದ ಮರಿಗಳ ಕಿಚಪಿಚ ಕೇಳಿಸುತ್ತಿತ್ತು. ಅದನ್ನು ಕೇಳಿದ ಮೇಲೆ ನನಗೆ ಫೋಟೋ ಮರೆತೇಹೋಯಿತು.

"ಮರಿ ಇದಾವಕ್ಕಾ. ಕೆಡವಬೇಡ."

"ನನ್ ಹುಳುನೂ ಮರಿಗಳೇ ಕಣೋ. ಹೋದ ಸಲ ಮೈನಾ ಒಳಗ್ ನುಗ್ಗಿ ಹುಳು ಸಾಕೋ ತಟ್ಟೆಯಿಂದ ಎಷ್ಟು ಕುಕ್ಕಿ ತಿಂತು ಗೊತ್ತಾ? ಇದೂ ಅದೇ ಜಾತಿ."

"ಇದು ತಟ್ಟೇಲಿರೋ ಹುಳು ತಿನ್ನಲ್ಲಕ್ಕಾ. ಹಾರೋ ನೊಣ ಮಾತ್ರ ತಿನ್ನತ್ತೆ. ಊಜೀನೂ ಹಿಡೀಬಹುದು."

"ನೀನ್ ಕಂಡಿದ್ದೀಯಾ?"

"ಪುಸ್ತಕದಲ್ಲಿದೆ."

"ಪುಸ್ತಕದಲ್ಲಿ ಊಜೀಗೆ ಔಷಧೀನೂ ಇತ್ತು" ಎಂದಳು ಅಕ್ಕ. ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದಳು. "ನೀನು ಫೋಟೋದವನಲ್ವಾ? ತೋರ್ಸು. ಅದು ಏನ್ ತಿನ್ನತ್ತೆ ಅಂತ ನನ್ ಕಣ್ಣಿಗೆ ಕಾಣೋ ಹಂಗೆ ತೋರ್ಸು. ಗುರುವಾರ ಬೆಳಗ್ಗೆವರ್ಗೂ ಟೈಮು."

ಹೀಗೆ ಆ ಮರಿಗಳ ಜೀವ ನನ್ನ ಬೆರಳಿಗೆ ಬಂದು ಕೂತಿತು. ಎರಡು ತಿಂಗಳಲ್ಲಿ ಬಾಲದ ತುದಿ ಬಿಟ್ಟು ಬೇರೇನೂ ಹಿಡಿಯದ ಬೆರಳಿಗೆ.

ಸೋಮವಾರ ನಾನು ಮಾಡಿದ ಕೆಲಸ ನೆನೆದರೆ ಇವತ್ತಿಗೂ ನಾಚಿಕೆಯಾಗುತ್ತದೆ. ಜಗುಲಿಯಲ್ಲಿ ನೆರಳು ಹೆಚ್ಚು. ಮದುವೆ ಮಂಟಪದ ಅಭ್ಯಾಸದಂತೆ ಫ್ಲ್ಯಾಶ್ ಸಿಕ್ಕಿಸಿಕೊಂಡು ಗೂಡಿನ ಕೆಳಗೇ ನಿಂತೆ. ತಾಯಿ ಹಕ್ಕಿ ಬಂತು, ಫಳಕ್ ಎಂದಿತು, ಹಕ್ಕಿ ಮಿಂಚು ಹೊಡೆದಂತೆ ತಿರುಗಿ ಹೋಯಿತು. ಹೋದದ್ದು ಮತ್ತೆ ಬರಲಿಲ್ಲ. ಹತ್ತು ನಿಮಿಷ, ಇಪ್ಪತ್ತು ನಿಮಿಷ, ಒಂದು ಗಂಟೆ. ಎರಡೂ ಹಕ್ಕಿಗಳು ವಿದ್ಯುತ್ ತಂತಿಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದವು. ಗೂಡಿನೊಳಗೆ ಕೂಗು ಜೋರಾಗಿ, ಆಮೇಲೆ ಸಣ್ಣಗಾಗಿ, ನಿಂತೇಹೋಯಿತು.

ಅಕ್ಕ ಬಂದು ನನ್ನ ಕೈಯಿಂದ ಕ್ಯಾಮೆರಾ ಕಿತ್ತುಕೊಂಡಳು. "ಗುರುವಾರ ನಾನು ಸಾಯ್ಸ್ತೀನಿ ಅಂತ ಇವತ್ತೇ ಉಪವಾಸ ಕೆಡವಿ ಸಾಯ್ಸ್ತೀಯೇನೋ? ಈಚೆಗೆ ಬಾ."

ನಾವಿಬ್ಬರೂ ತೋಟದ ಬದುವಿನ ತನಕ ಹೋಗಿ ನಿಂತೆವು. ಸ್ವಲ್ಪ ಹೊತ್ತಿಗೆ ಹಕ್ಕಿ ಗೂಡಿಗೆ ನುಗ್ಗಿತು. ಕಿಚಪಿಚ ಮತ್ತೆ ಶುರುವಾಯಿತು. ನನ್ನ ಎದೆಯಿಂದ ಕಲ್ಲು ಇಳಿಯಿತು. ಅಕ್ಕನೂ ಉಸಿರು ಬಿಟ್ಟದ್ದು ಕೇಳಿಸಿತು. ಆಮೇಲೆ ಅವಳು ಸೊಪ್ಪಿನ ಕುಕ್ಕೆ ತೊಳೆಯಲು ಹೋದಳು.

ಮಂಗಳವಾರ ಫ್ಲ್ಯಾಶ್ ಬಿಟ್ಟು ಅಂಗಳದ ಬಿಸಿಲಿನಲ್ಲಿ, ನುಗ್ಗೆ ಮರದ ಪಕ್ಕ ಕೂತೆ. ಹಕ್ಕಿಗಳು ಇಡೀ ದಿನ ಬಂದುಹೋದವು. ನಾನು ಕಣ್ಣಿಗೆ ಕ್ಯಾಮೆರಾ ಒತ್ತಿಕೊಂಡು ಅವುಗಳ ಹಿಂದೆ ಕತ್ತು ತಿರುಗಿಸಿ ತಿರುಗಿಸಿ, ಸರಿಯಾದ ಗಳಿಗೆಗೆ ಕಾದು, ಒಂದೊಂದೇ ಸಲ ಒತ್ತಿದೆ. ಸಂಜೆ ಅಕ್ಕ ಕಾಫಿ ತಂದುಕೊಟ್ಟು ಎಷ್ಟು ಹೊಡೆದೆ ಎಂದು ಕೇಳಿದಳು.

"ಹನ್ನೊಂದು."

"ಬೆಳಗ್ಗಿಂದ ಹನ್ನೊಂದಾ? ಯಾಕೆ, ರೀಲ್ ಮುಗಿದೋಗತ್ತಾ?"

"ಇದರಲ್ಲಿ ರೀಲಿಲ್ಲಕ್ಕಾ. ನೂರಾರು ಹೊಡೀಬಹುದು."

"ಮತ್ಯಾಕೋ ಜಿಪುಣತನ?"

ರೀಲು ಹೋಗಿ ಎರಡು ವರ್ಷವಾಗಿತ್ತು. ಆ ಪೆಟ್ಟಿಗೆಯೊಳಗೆ ಉಳಿಸುವುದಕ್ಕೆ ಏನೂ ಇರಲಿಲ್ಲ. ಆದರೂ ಎರಡನೇ ಸಲ ಒತ್ತಲು ಹೋದಾಗಲೆಲ್ಲ ನನ್ನ ನೆತ್ತಿ ಮೊಟಕಿಗೆ ಕಾಯುತ್ತಿತ್ತು. ನಲವತ್ತು ದಾಟಿದ ಗಂಡಸು, ಎಂದೋ ತೀರಿಹೋದ ಗುರುಗಳ ಗೆಣ್ಣಿಗೆ ಹೆದರಿಕೊಂಡು, ಬದುಕಿರುವ ಮರಿಗಳನ್ನು ಕಳೆದುಕೊಳ್ಳುವುದರಲ್ಲಿದ್ದೆ. ಇದನ್ನು ಅಕ್ಕನಿಗೆ ಹೇಳಿದಾಗ ಅವಳು ಜೋರಾಗಿ ನಕ್ಕುಬಿಟ್ಟಳು. ಆಮೇಲೆ ಜಗುಲಿಯ ಮೆಟ್ಟಿಲ ಮೇಲೆ ಕೂತು, ನಾನು ಇಡೀ ದಿನ ಕುಣಿದ ಕುಣಿತವನ್ನು ಕತ್ತು ತಿರುಗಿಸಿ ಅಣಕಿಸಿ ತೋರಿಸಿದಳು.

"ಹುಳು ಮನೇಲಿ ನೊಣ ಹೆಂಗ್ ಹಿಡೀತೀನಿ ಗೊತ್ತಾ? ನೊಣದ್ ಹಿಂದೆ ಕೈ ಆಡಿಸ್ಕೊಂಡ್ ಹೋದ್ರೆ ಈ ಜನ್ಮಕ್ಕೆ ಸಿಗಲ್ಲ. ಅದು ಎಲ್ಲಿಗ್ ಬರತ್ತೋ ಅಲ್ಲಿ ಮೊದ್ಲೇ ಕೈ ಇಟ್ಕೊಂಡಿರ್ಬೇಕು. ನಿನ್ ಹಕ್ಕಿ ದಿನಾ ಒಂದೇ ದಾರೀಲಿ ಬರತ್ತೆ ಕಣೋ. ನುಗ್ಗೆ ಮರದ ಆ ಕೊಂಬೆ, ಅಲ್ಲಿಂದ ಈ ಕಂಬ. ಮಧ್ಯ ಒಂಚೂರು ಮೇಲಕ್ಕೇಳತ್ತೆ. ನಾನು ಒಂದು ತಿಂಗಳಿಂದ ನೋಡ್ತಾನೇ ಇದ್ದೀನಿ."

ಒಂದು ತಿಂಗಳಿಂದ ನೋಡುತ್ತಿದ್ದಾಳೆ ಎಂಬುದು ನನಗೆ ಹೊಸ ಸುದ್ದಿ. ಗೂಡು ಕಟ್ಟಿದ ಮೊದಲ ದಿನವೇ ಕೆಡವಬಹುದಿತ್ತಲ್ಲ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ. ಅಕ್ಕನಿಗೆ ಅಂಥ ಪ್ರಶ್ನೆ ಕೇಳಿದರೆ ಕಾಫಿ ಲೋಟ ಕಿತ್ತುಕೊಳ್ಳುತ್ತಾಳೆ.

ಬುಧವಾರ ಬೆಳಗ್ಗೆ ಅವಳೇ ಹೂ ಕಟ್ಟುವ ದಾರ ತಂದು ನುಗ್ಗೆ ಕೊಂಬೆಯಿಂದ ಜಗುಲಿ ಕಂಬಕ್ಕೆ ಎಳೆದು ಕಟ್ಟಿದಳು. ಹಕ್ಕಿ ಮೇಲಕ್ಕೇಳುವ ಜಾಗದಲ್ಲಿ ಒಂದು ಹಿಪ್ಪುನೇರಳೆ ಎಲೆ ಸಿಕ್ಕಿಸಿದಳು. ನಾನು ಆ ಎಲೆಯ ನರಗಳು ಸ್ಪಷ್ಟವಾಗಿ ಕಾಣುವಂತೆ ಕೈಯಲ್ಲೇ ಫೋಕಸ್ ತಿರುಗಿಸಿ, ಲೆನ್ಸ್ ಅಲುಗದಂತೆ ಅಂಟುಪಟ್ಟಿ ಹಾಕಿದೆ. ಒಂದು ಸೆಕೆಂಡನ್ನು ಎರಡು ಸಾವಿರ ಚೂರು ಮಾಡಿದರೆ ಒಂದು ಚೂರಿನಷ್ಟು ಹೊತ್ತು ಮಾತ್ರ ಕಣ್ಣು ತೆರೆಯುವಂತೆ ಕ್ಯಾಮೆರಾ ಹೊಂದಿಸಿದೆ. ಆಮೇಲೆ ದಾರ ಬಿಚ್ಚಿಟ್ಟೆವು. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ, ನನ್ನ ಕಣ್ಣು ಹೊರಗೆ. ಹಕ್ಕಿಯನ್ನು ಲೆನ್ಸಿನಲ್ಲಿ ಹುಡುಕುವುದು ಬಿಟ್ಟು, ಮೊದಲ ಬಾರಿಗೆ ಬರಿಗಣ್ಣಿನಲ್ಲಿ ನೋಡಿದೆ.

ಹಿಂದಿನ ರಾತ್ರಿ ಮಳೆಯಾಗಿತ್ತು. ಬಿಸಿಲು ಏರುತ್ತಿದ್ದಂತೆ ಬದುವಿನ ಕಡೆಯಿಂದ ರೆಕ್ಕೆ ಬಂದ ಸಣ್ಣ ಹುಳಗಳು ಏಳತೊಡಗಿದವು. ಹಕ್ಕಿಗಳಿಗೆ ಹಬ್ಬ. ಕೊಂಬೆ ದಾಟಿತು ಎನ್ನುವಷ್ಟರಲ್ಲಿ ಒತ್ತಿದೆ, ಒತ್ತಿಯೇ ಹಿಡಿದೆ. ಕ್ಯಾಮೆರಾ ಟಕಟಕಟಕ ಎಂದಿತು. ಮೊದಲ ಇಪ್ಪತ್ತು ಸಲ ಬೆರಳನ್ನು ಬಲವಂತವಾಗಿ ಒತ್ತಿಹಿಡಿಯಬೇಕಾಯಿತು. ಆಮೇಲೆ ಅಭ್ಯಾಸವಾಯಿತು, ಆಮೇಲೆ ಖುಷಿಯಾಯಿತು. ಅಷ್ಟು ಧಾರಾಳವಾಗಿ ನಾನು ಯಾವ ಕೆಲಸವನ್ನೂ ಮಾಡಿದವನಲ್ಲ. ಮಧ್ಯಾಹ್ನದ ಹೊತ್ತಿಗೆ ನಾನೂರು ದಾಟಿತ್ತು.

ಸ್ಟುಡಿಯೊಗೆ ಬಂದು ಕಂಪ್ಯೂಟರಿನಲ್ಲಿ ಒಂದೊಂದೇ ತೆರೆದೆ. ಖಾಲಿ. ಖಾಲಿ. ಅರ್ಧ ರೆಕ್ಕೆ. ಮಸುಕು. ಮುನ್ನೂರು ದಾಟಿದ ಮೇಲೆ ಒಂದು ಚಿತ್ರ ಬಂತು. ನಾನು ಕುರ್ಚಿಯಿಂದ ಎದ್ದು ನಿಂತೆ. ಹಕ್ಕಿ ಗಾಳಿಯಲ್ಲಿ ನಿಂತಿತ್ತು. ಎರಡೂ ರೆಕ್ಕೆ ಮೇಲೆತ್ತಿ, ಬಾಲದ ಕವಲು ಅಗಲಿಸಿ, ಬಾಯಿ ಪೂರ್ತಿ ತೆರೆದಿತ್ತು. ಆ ಬಾಯಿಯ ಮುಂದೆ, ಒಂದು ಬೆರಳಿನ ದೂರದಲ್ಲಿ, ಒಂದು ಹುಳ. ಬೆಟ್ಟ ಅಗೆದು ಇಲಿ ಹಿಡಿದವನನ್ನು ಜನ ನಗುತ್ತಾರೆ. ನನಗೆ ಆ ಇಲಿಯನ್ನು ಕಂಡು ಕಣ್ಣಲ್ಲಿ ನೀರು ಬಂತು.

ದೊಡ್ಡ ಅಳತೆಯಲ್ಲಿ ಪ್ರಿಂಟ್ ಹಾಕಿಸಿದೆ. ಹುಳ ಸ್ವಲ್ಪ ಮಸುಕಾಗಿತ್ತು. ಅಕ್ಕನ ಊರಿನ ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ, ಅದು ಊಜಿ ನೊಣವೇ ಇರಬೇಕು. ಊಜಿ ಎಂದು ಹೇಳಿಬಿಟ್ಟರೆ ಮುಗಿಯಿತು. ಸುಳ್ಳು ಹೇಳುವುದಾದರೂ ಮರಿಗಳಿಗಾಗಿ ತಾನೆ?

ಗುರುವಾರ ನಾನು ಮುಟ್ಟುವ ವೇಳೆಗೆ ಸುಣ್ಣ ಬಳಿಯುವಾತ ಬಂದಿದ್ದ. ಗಡಿಯಾಚೆಯಿಂದ ಕೆಲಸಕ್ಕೆ ಬರುವ, ತೆಲುಗು ಮಾತಾಡುವ ವಯಸ್ಸಾದ ಮನುಷ್ಯ. ಸುಣ್ಣ ಕಲಸಿ, ಏಣಿ ಚಾಚಿ, ಗೂಡಿನ ಕಡೆ ಕೈ ತೋರಿಸಿ, "ತೀಸೇದ್ದಾಮಾ ಅಕ್ಕಾ?" ಎಂದು ಕೇಳುತ್ತಿದ್ದ. ತೆಗೆದುಬಿಡಲೇ ಎಂದು. ನಾನು ಸ್ಕೂಟರ್ ನಿಲ್ಲಿಸದೆಯೇ ಕೂಗಿದೆ.

ಅಕ್ಕ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಫೋಟೋವನ್ನು ಬಿಸಿಲಿಗೆ ಹಿಡಿದಳು.

"ನೋಡಕ್ಕಾ, ಊಜಿ" ಎಂದೆ.

ಅವಳು ತಲೆ ಎತ್ತಲಿಲ್ಲ. "ಊಜೀಗೆ ಇಷ್ಟುದ್ದ ರೆಕ್ಕೆ ಎಲ್ಲೋ? ಮೈಗಿಂತ ರೆಕ್ಕೆ ಉದ್ದ ಇದೆ. ಇದು ಈಸಲು ಹುಳ. ಮಳೆ ಬಂದ ಮಾರನೇ ದಿನ ಏಳತ್ತಲ್ಲ, ರೆಕ್ಕೆ ಗೆದ್ದಲು, ಅದು." ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿದಳು. "ನಿಂಗೂ ಗೊತ್ತಿತ್ತು ಅಲ್ವಾ?"

ನಾನೂರು ಚಿತ್ರ ತೆಗೆದು ಒಂದು ಹಿಡಿದಿದ್ದೆ, ಒಂದು ಸುಳ್ಳಿನಿಂದ ಅದನ್ನೂ ಹಾಳುಮಾಡಿಕೊಂಡಿದ್ದೆ. ಸುಣ್ಣದವನು ಏಣಿಯ ಎರಡನೇ ಮೆಟ್ಟಿಲ ಮೇಲೆ ನಿಂತಿದ್ದ. ಗೂಡಿನೊಳಗೆ ಮರಿಗಳು ಕೂಗುತ್ತಿದ್ದವು. ತಪ್ಪಾಯ್ತು ಅಕ್ಕಾ ಎಂದೆ. ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಅವಳ ಬೆರಳು ಫೋಟೋದ ಮೇಲೆ ಆ ತೆರೆದ ಬಾಯಿಯ ಸುತ್ತ ಓಡಾಡುತ್ತಿತ್ತು.

"ಬಾಯಿ ನೋಡೋ ಇಲ್ಲಿ" ಎಂದಳು.

"ಏನಕ್ಕಾ?"

"ಮೈನಾಗೆ ಉದ್ದ ಕೊಕ್ಕು. ಸೂಜಿ ಹಾಕಿ ಎತ್ತಿದ ಹಂಗೆ ತಟ್ಟೆಯಿಂದ ಹುಳು ಎತ್ತತ್ತೆ. ಇದಕ್ಕೆ ಕೊಕ್ಕೇ ಇಲ್ವಲ್ಲೋ. ಬರೀ ಬಾಯಿ. ಕಿವಿ ತನಕ ಬಾಯಿ. ಇದು ಕುಕ್ಕೋ ಬಾಯಲ್ಲ, ಗಾಳೀಲಿ ಬಾಚ್ಕೊಳೋ ಬಾಯಿ. ಈ ಬಾಯಿ ಇಟ್ಕೊಂಡು ಸೊಪ್ಪಿನ್ ಮೇಲಿನ ಹುಳು ಎತ್ತಕ್ಕೆ ಹೆಂಗಾಗತ್ತೆ?"

ಎರಡು ತಿಂಗಳು ಆ ಹಕ್ಕಿಯ ಹಿಂದೆ ಬಿದ್ದ ನಾನು, ಪುಸ್ತಕ ಓದಿದ ನಾನು, ಆ ಚಿತ್ರದಲ್ಲಿ ನೊಣವನ್ನು ಮಾತ್ರ ಹುಡುಕಿದ್ದೆ. ನನಗೆ ಬೇಕಾದದ್ದು ಕಾಣಲಿಲ್ಲವೆಂದು ಸುಳ್ಳು ಹೇಳಿದ್ದೆ. ಅಕ್ಕ ಅಲ್ಲಿ ಇದ್ದದ್ದನ್ನು ನೋಡಿದಳು.

"ಇಳಿಯಪ್ಪಾ ಕೆಳಗೆ" ಎಂದು ಸುಣ್ಣದವನಿಗೆ ಹೇಳಿದಳು. "ಗೂಡಿನ ಸುತ್ತ ಒಂದು ಮೊಳ ಬಿಟ್ಟು ಬಳಿ. ಅದರ್ ಮೇಲೆ ಒಂದ್ ಹನಿ ಸುಣ್ಣ ಬಿದ್ರೆ ನಿನ್ನೇ ಸುಣ್ಣದ್ ಡಬ್ಬೀಲಿ ಅದ್ತೀನಿ." ಆತ ನಗುತ್ತಾ ಏಣಿ ಸರಿಸಿದ. ಅಕ್ಕ ಫೋಟೋವನ್ನು ಸೆರಗಿನಲ್ಲಿ ಒರೆಸಿ ಒಳಗೆ ತೆಗೆದುಕೊಂಡು ಹೋದಳು. ನನಗೆ ವಾಪಸ್ ಕೊಡಲಿಲ್ಲ. ಸುಳ್ಳಿನ ವಿಷಯವನ್ನು ಊಟಕ್ಕೆ ಕೂತಾಗ ಎತ್ತಿ, ಮುದ್ದೆ ನುಂಗುವುದೇ ಕಷ್ಟವಾಗುವ ಹಾಗೆ ಬೈದಳು.

ಆ ಹಕ್ಕಿಗಳು ಊಜಿ ನೊಣ ಹಿಡಿದವೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಕ್ಕ ಅವುಗಳನ್ನು ನಂಬಿ ಕೂರಲೂ ಇಲ್ಲ. ಕಿಟಕಿ ಬಾಗಿಲುಗಳಿಗೆ ಹೊಸ ನೈಲಾನ್ ಬಲೆ ಹಾಕಿಸಿ, ಒಂದು ನೊಣ ನುಸುಳದಂತೆ ತಾನೇ ಅಂಚು ಹೊಲಿದಳು. ಶನಿವಾರ ಚಾಕಿ ಬಂತು. ಒಳಗೆ ಹುಳು, ಹೊರಗೆ ಹಕ್ಕಿ, ಎರಡೂ ಅವಳ ಉಸ್ತುವಾರಿಯಲ್ಲಿ ಬೆಳೆದವು.

ಅದಾಗಿ ಎರಡು ವಾರವಾಗಿರಬೇಕು. ಬೆಳಗ್ಗೆ ಸ್ಟುಡಿಯೊದಲ್ಲಿ ಒಬ್ಬರನ್ನು ಪಾಸ್‌ಪೋರ್ಟ್ ಫೋಟೋಗೆ ಕೂರಿಸಿ, ಗದ್ದ ಎತ್ತಿ ಎನ್ನುತ್ತಿದ್ದೆ. ಫೋನ್ ಬಂತು. ಆ ಹೊತ್ತಿನಲ್ಲಿ ಅಕ್ಕ ಎಂದೂ ಫೋನ್ ಮಾಡುವುದಿಲ್ಲ. ಹುಳುಗಳು ಕೊನೆಯ ಪೊರೆ ಬಿಟ್ಟು, ಸುರಿದಷ್ಟೂ ಸೊಪ್ಪು ತಿನ್ನುವ ದಿನಗಳವು. ಆಗ ಒಂದು ಹೊತ್ತಿನ ಸೊಪ್ಪು ತಪ್ಪಿದರೆ ಗೂಡು ಸಣ್ಣದಾಗುತ್ತದೆ. ನಮ್ಮ ಮನೆಯ ಎಷ್ಟೋ ನಾಮಕರಣ, ಗೃಹಪ್ರವೇಶಗಳಿಗೆ ಅವಳು ಅದೇ ಕಾರಣಕ್ಕೆ ಬಂದಿರಲಿಲ್ಲ. ಗಾಬರಿಯಿಂದ ಎತ್ತಿದೆ.

"ಮರಿಗಳು ಈಚೆಗೆ ಬರ್ತಿದಾವೆ ಕಣೋ!"

"ಈಗಲೇ ಹೊರಟೆ ಅಕ್ಕಾ, ಕ್ಯಾಮೆರಾ ತಗೊಂಡು..."

"ಎಲ್ಲಿ ಬರ್ತೀಯಾ, ನೀನ್ ಬರೋ ಹೊತ್ತಿಗೆ ಅವು ಆಂಧ್ರ ದಾಟಿರ್ತವೆ. ಸುಮ್ನೆ ಕೇಳ್ಸ್ಕೊ, ನಾನ್ ಹೇಳ್ತೀನಿ. ಮೂರಿದಾವೆ. ಒಂದು ಆಗ್ಲೇ ತಂತಿ ಮೇಲೆ ಕೂತೈತೆ. ಎರಡನೇದು... ಇಗೋ ಬಿತ್ತು! ಇಲ್ಲ ಇಲ್ಲ, ಬೀಳ್ಲಿಲ್ಲ, ಎದ್ದೇಳ್ತು. ಅಯ್ಯೋ ನಾಯ್ನಾ, ಎಷ್ಟ್ ಚೆನ್ನಾಗ್ ಹೋಯ್ತೋ! ನುಗ್ಗೆ ಮರ ದಾಟ್ಬಿಡ್ತು."

ಅವಳ ದನಿ ಒಡೆದಿತ್ತು. ಇಷ್ಟು ವರ್ಷಗಳಲ್ಲಿ ನಾನು ಕೇಳದ ದನಿ. ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ಗದ್ದ ಎತ್ತಿದವರು ಎತ್ತಿದ ಹಾಗೇ ಕೂತಿದ್ದರು.

"ಮೂರನೇದು ಅಕ್ಕಾ?"

"ಅದು ಗೂಡಿನ್ ಬಾಗ್ಲಲ್ಲೇ ಕೂತೈತೆ. ಹೆದರ್ಕೊಂಡೈತೆ. ತಾಯಿ ಬಂದು ಬಂದು ಕರೀತಾ ಐತೆ, ಬರ್ತಾ ಇಲ್ಲ."

ಅಷ್ಟರಲ್ಲಿ ಆ ಕಡೆಯಿಂದ ಭಾವನ ಕೂಗು ಕೇಳಿಸಿತು. ಸೊಪ್ಪು ಹಾಕೋ ಹೊತ್ತು ಮೀರ್ತು ಕಣೇ, ಹುಳು ತಲೆ ಎತ್ಕೊಂಡು ಕಾಯ್ತಿದಾವೆ ಎಂದು.

"ಕಾಯ್ಲಿ ಬಿಡ್ರೀ" ಎಂದಳು ಅಕ್ಕ. ಆಮೇಲೆ ನನಗೆ ಮೆಲ್ಲಗೆ, "ಇನ್ನೊಂಚೂರು ಹೊತ್ತು. ಇದೂ ಹಾರತ್ತೆ, ಇರೋ."